ಕಡಲ ತಡಿಯಲ್ಲೊಂದು ನೆಲೆ

ಕಡಲ ತಡಿಯಲ್ಲಿ ಮನೆ ಮಾಡುವ ಮಾತು ಬಂದಾಗ ಕನ್ನಡಿಗರಾದ ನಮಗೆಲ್ಲ ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದು ತಾನಾಗಿಯೇ ನೆನಪಿಗೆ ಬರುತ್ತದೆ. ಶಾಲೆಯ ಪಾಠದಲ್ಲಿ ಓದಿ, ಕೂಟದ ಕಾರ್ಯಕ್ರಮಗಳಲ್ಲಿ ಕೇಳಿ, ಅದು ನಮ್ಮ ನಾಲಗೆಯ ಮೇಲೆ ನಿಂತುಬಿಟ್ಟಿದೆ. ಆದರೆ ಅಕ್ಕ ವಿರಾಗಿಣಿ, ನಾವು ಸಂಸಾರಿಗಳು. ಮನೆಯೆಂದರೆ ನಮಗೆ ಜೀವಮಾನದ ಗಳಿಕೆ, ತಿಂಗಳು ತಿಂಗಳೂ ತೀರಿಸಬೇಕಾದ ಸಾಲ, ಮುಪ್ಪಿನ ಆಸರೆ. ಸಮಚಿತ್ತವನ್ನು ಸಾಧಿಸಲು ಸಂಸಾರಿಗೆ ಇರುವ ದಾರಿ ಬೇರೆ. ಮೂರು ವರ್ಷಗಳ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಪಶ್ಚಿಮ ಅಂಚಿನಲ್ಲಿ ಮನೆ ಹುಡುಕಿ ನೆಲೆಸಿದ ಅನುಭವದಿಂದ ಗೃಹಿಣಿಯಾದ ನಾನು ಕಲಿತ ಪಾಠ ಇಷ್ಟೇ: ಅಂಜುವುದಿದ್ದರೆ ಮನೆ ಮಾಡುವ ಮೊದಲೇ, ಲೆಕ್ಕವಿಟ್ಟು, ಪೂರ್ತಿಯಾಗಿ ಅಂಜಿಬಿಡಬೇಕು. ಬಳಿಕ ಬಾಗಿಲು ತೆರೆದಿಟ್ಟು ಬಾಳಬೇಕು.

ಈ ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ಅನೇಕರು ಇಂದು ನಾವಿದ್ದ ಸ್ಥಿತಿಯಲ್ಲೇ ಇರಬಹುದು. ಮಕ್ಕಳು ದೊಡ್ಡವರಾಗಿ ದೂರ ಹೋಗಿದ್ದಾರೆ. ಮನೆ ದೊಡ್ಡದಾಗಿ ಕಾಣತೊಡಗಿದೆ. ಇನ್ನು ಮುಂದೆ ಎಲ್ಲಿ ಎಂಬ ಪ್ರಶ್ನೆ ರಾತ್ರಿಯ ಊಟದ ಬಳಿಕ ಮೇಜಿನ ಮೇಲೆ ಬಂದು ಕೂರುತ್ತದೆ. ಅಂಥವರಿಗೆ ಉಪಯೋಗವಾದೀತೆಂಬ ಆಸೆಯಿಂದ ಈ ಬರಹ.

ದ್ವೀಪವಾದ ಮನೆ

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ. ಅಲ್ಲಿಯ ಕಾಲೇಜಿನಲ್ಲಿ ಇತಿಹಾಸ ಓದಿ ಕಲಾ ಪದವಿ ಪಡೆದು, 1993ರಲ್ಲಿ ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದೆ. ನಮ್ಮವರು ತುಮಕೂರಿನ ಕಡೆಯ ಬಯಲುಸೀಮೆಯವರು; ಮದುವೆಯಾಗುವವರೆಗೆ ಅವರು ಕಡಲನ್ನು ಕಂಡದ್ದು ಎರಡೇ ಬಾರಿ. ಸನಿವೇಲಿನಲ್ಲಿ ಮನೆ ಕೊಂಡಾಗ ನಾವು ನೋಡಿದ್ದು ಒಂದೇ ಸಂಗತಿ, ಮಕ್ಕಳ ಶಾಲೆ. ಅದರಲ್ಲಿ ನಮಗೆ ಪಶ್ಚಾತ್ತಾಪವಿಲ್ಲ. ಹಿತ್ತಲಲ್ಲಿ ನಿಂಬೆಯ ಗಿಡ, ಕುಂಡದಲ್ಲಿ ಕರಿಬೇವು, ವಾರಾಂತ್ಯಕ್ಕೆ ಕನ್ನಡ ಗೆಳೆಯರ ಮನೆಗಳು. ಇಪ್ಪತ್ತೈದು ವರ್ಷಗಳು ಹೇಗೆ ಕಳೆದುವೋ ತಿಳಿಯಲಿಲ್ಲ.

2021ರಲ್ಲಿ ನಮ್ಮವರ ಕಣ್ಣಿಗೆ ಗ್ಲಾಕೋಮಾ ಇರುವುದು ತಿಳಿಯಿತು. ಕತ್ತಲಾದ ಮೇಲೆ ಕಾರು ಓಡಿಸಬೇಡಿ ಎಂದು ವೈದ್ಯರು ಹೇಳಿದರು. ನಾನಾದರೋ ಊರೊಳಗಿನ ಬೀದಿಗಳಲ್ಲಿ ಕಾರು ನಡೆಸಬಲ್ಲೆನೇ ಹೊರತು ಹೆದ್ದಾರಿಗೆ ಇಳಿಯುವ ಧೈರ್ಯವನ್ನು ಎಂದೂ ಗಳಿಸಿಕೊಂಡವಳಲ್ಲ. ಚಳಿಗಾಲದ ಸಂಜೆ ಐದು ಗಂಟೆಗೆ ಕತ್ತಲಾಗುತ್ತಿದ್ದಂತೆ ನಮ್ಮ ಮನೆ ಒಂದು ದ್ವೀಪವಾಗಿಬಿಡುತ್ತಿತ್ತು. ಹಾಲಿಗೂ ಕಾರು, ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಕಾರು. ಇಷ್ಟು ವರ್ಷ ನಾವು ಬಾಳಿದ್ದು ಮನೆಯಲ್ಲಲ್ಲ, ಮನೆಗೂ ಉಳಿದೆಲ್ಲಕ್ಕೂ ನಡುವಿನ ಕಾರಿನಲ್ಲಿ ಎಂದು ಆಗ ನನಗನಿಸಿತು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸದಲ್ಲಿದ್ದ ಮಗಳು, "ಅಪ್ಪ, ಅಮ್ಮ, ಕಾರು ಬೇಡದ ಊರಿಗೆ ಬಂದುಬಿಡಿ" ಎಂದಳು. ನಮ್ಮವರು ನಕ್ಕು ಸುಮ್ಮನಾದರು. ನನ್ನ ಕಿವಿಯಲ್ಲಿ ಮಾತ್ರ ಮೂವತ್ತು ವರ್ಷಗಳಿಂದ ಕೇಳದಿದ್ದ ಕಡಲಿನ ಮೊರೆತ ಎದ್ದಿತು.

ಏಳು ಮೈಲಿಯ ಚೌಕ

ಸ್ಯಾನ್ ಫ್ರಾನ್ಸಿಸ್ಕೋ ಹೆಸರಿನಲ್ಲಿ ದೊಡ್ಡದು, ಅಳತೆಯಲ್ಲಿ ಚಿಕ್ಕದು. ಉದ್ದಗಲ ಸುಮಾರು ಏಳೇಳು ಮೈಲಿಯ ಆ ಚೌಕದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಪಶ್ಚಿಮಕ್ಕೆ ಪೆಸಿಫಿಕ್ ಮಹಾಸಾಗರ, ಉತ್ತರಕ್ಕೂ ಪೂರ್ವಕ್ಕೂ ಕೊಲ್ಲಿ. ಮೂರು ಕಡೆ ನೀರಿರುವ ಊರಿನಲ್ಲಿ ಕಡಲ ಬಳಿ ಎಂದರೆ ಯಾವ ಬಳಿ ಎಂಬುದೇ ಮೊದಲ ಪ್ರಶ್ನೆ.

ನಮ್ಮವರು ಮನಸೋತದ್ದು ಉತ್ತರ ದಂಡೆಯ ಮರೀನಾ ಬಡಾವಣೆಗೆ. ಸಮತಟ್ಟಾದ ಬೀದಿಗಳು, ಗೋಲ್ಡನ್ ಗೇಟ್ ಸೇತುವೆಯ ನೋಟ, ಹಾಯಿದೋಣಿಗಳು, ಎದುರಿಗೆ ಹಸಿರು ಬಯಲು. ನಾನು ಮನಸೋತದ್ದು ಪಶ್ಚಿಮದ ತುದಿಯ ಸನ್‌ಸೆಟ್ ಬಡಾವಣೆಗೆ, ಅದರಲ್ಲೂ ಓಷನ್ ಬೀಚಿಗೆ ತಾಗಿದ ಕಟ್ಟಕಡೆಯ ಬೀದಿಗಳಿಗೆ. ಸುಮಾರು ಮೂರು ಮೈಲಿ ಉದ್ದದ ಗೋಲ್ಡನ್ ಗೇಟ್ ಉದ್ಯಾನದ ದಕ್ಷಿಣಕ್ಕಿರುವ ಈ ಭಾಗ ಹತ್ತೊಂಬತ್ತನೆಯ ಶತಮಾನದಲ್ಲಿ ಬರಿಯ ಮರಳುದಿಬ್ಬ. ಊರಿನವರು ಇದನ್ನು ಹೊರನಾಡು ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. 1928ರಲ್ಲಿ ಗುಡ್ಡ ಕೊರೆದು ಸುರಂಗ ಮಾಡಿ ಎನ್ ಜುಡಾ ಟ್ರಾಮನ್ನು ಕಡಲವರೆಗೆ ತಂದರು. ಮುಂದೆ 1930 ಮತ್ತು 40ರ ದಶಕಗಳಲ್ಲಿ ಹೆನ್ರಿ ಡಾಲ್ಜರ್ ಮೊದಲಾದ ಕಟ್ಟಡಗಾರರು ಸಾವಿರಾರು ಮನೆಗಳನ್ನು ಗೋಡೆಗೆ ಗೋಡೆ ತಾಗಿಸಿ ಕಟ್ಟಿದರು. ಕೆಳಗೆ ಗ್ಯಾರೇಜು, ಮೇಲೆ ವಾಸ. 25 ಅಡಿ ಅಗಲದ ನಿವೇಶನ. ನಮ್ಮ ಕಡೆ ಮರಳಿಗೆ ಹೊಯ್ಗೆ ಎನ್ನುತ್ತಾರೆ. ಮಂಗಳೂರಿನಲ್ಲಿ ಹೊಯ್ಗೆಬಜಾರ್ ಎಂಬ ಪ್ರದೇಶವೇ ಇದೆ. ನಾನು ಸನ್‌ಸೆಟ್ಟಿಗೆ ಹೊಯ್ಗೆಬಜಾರೆಂದೇ ಹೆಸರಿಟ್ಟೆ.

ಇಬ್ಬರ ಆಸೆಗಳೂ ಕಣ್ಣಿನಿಂದ ಹುಟ್ಟಿದ ಆಸೆಗಳು. ಮನೆ ತೋರಿಸಲು ಬಂದ ಏಜೆಂಟರೊಬ್ಬರು ಇಬ್ಬರಿಗೂ ಕಿಟಕಿಯ ನೋಟವನ್ನೇ ತೋರಿಸಿದರು. ಕಿಟಕಿಯ ಹೊರಗನ್ನು ನೋಡುವ ಮೊದಲು ಕಾಲಿನ ಕೆಳಗನ್ನು ನೋಡಬೇಕೆಂದು ಯಾರೂ ಹೇಳಲಿಲ್ಲ.

ನೆಲದ ಗುಟ್ಟು

ಹೇಳಿದವರು ನನ್ನ ಅಜ್ಜಯ್ಯ, ಅದೂ ಐವತ್ತು ವರ್ಷಗಳ ಹಿಂದೆ. ನಮ್ಮ ಮನೆ ಕಡಲಿಗೆ ಅರ್ಧ ಮೈಲಿ ಒಳಗೆ ಸಣ್ಣ ದಿಬ್ಬದ ಮೇಲಿತ್ತು. ಮಳೆಗಾಲದಲ್ಲಿ ಕಡಲ್ಕೊರೆತವಾಗಿ ತೀರದ ತೆಂಗಿನ ಮರಗಳು ಬೇರು ಸಹಿತ ಉರುಳಿದ್ದನ್ನು ತೋರಿಸಿ ಅವರು, "ಮಗಾ, ಕಡಲು ಕೇಂಬಷ್ಟು ಹತ್ತಿರ ಇರ್ಕ್, ಕಾಂಬಷ್ಟು ಹತ್ತಿರ ಬ್ಯಾಡ" ಎನ್ನುತ್ತಿದ್ದರು. ಇಂದಿಗೂ ಉಳ್ಳಾಲದಲ್ಲಿ, ಮರವಂತೆಯಲ್ಲಿ ಮಳೆಗಾಲ ಬಂತೆಂದರೆ ಕಲ್ಲಿನ ತಡೆಗೋಡೆಯ ಮಾತು, ಕಡಲಿನ ಪಾಲಾದ ಮನೆಗಳ ಮಾತು ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ಓದಿ ಮರುಗುವ ನಾವು, ಇಲ್ಲಿ ಕೋಟಿಗಟ್ಟಲೆ ರೂಪಾಯಿಗೆ ಸಮನಾದ ಡಾಲರು ಸುರಿಯುವಾಗ ಆ ವಿವೇಕವನ್ನು ಸೂಟ್‌ಕೇಸಿನಲ್ಲೇ ಬಿಟ್ಟುಬಿಡುತ್ತೇವೆ.

ಇತಿಹಾಸದ ವಿದ್ಯಾರ್ಥಿನಿಯಾದ ನಾನು ಊರಿನ ಗ್ರಂಥಾಲಯದಲ್ಲಿ ಕುಳಿತು ಓದತೊಡಗಿದೆ. ಮರೀನಾ ಇರುವ ಜಾಗದ ಬಹುಭಾಗ ಹಿಂದೆ ಕೊಲ್ಲಿಯ ನೀರು ಮತ್ತು ಜೌಗು. 1915ರ ಪನಾಮಾ-ಪೆಸಿಫಿಕ್ ಅಂತರರಾಷ್ಟ್ರೀಯ ಪ್ರದರ್ಶನಕ್ಕಾಗಿ ಕೊಲ್ಲಿಯ ತಳದ ಮರಳು ಕೆಸರನ್ನು ಎತ್ತಿ ತುಂಬಿ ನೆಲ ಮಾಡಿದರು. ಪ್ರದರ್ಶನ ಮುಗಿದ ಮೇಲೆ ಆ ನೆಲದ ಮೇಲೆ ಸುಂದರವಾದ ಮನೆಗಳು ಎದ್ದವು. 1989ರ ಅಕ್ಟೋಬರ್ 17ರ ಸಂಜೆ 5 ಗಂಟೆ 4 ನಿಮಿಷಕ್ಕೆ ಲೋಮಾ ಪ್ರಿಯೆಟಾ ಭೂಕಂಪವಾಯಿತು. ಅದರ ತೀವ್ರತೆ 6.9, ಕೇಂದ್ರ ಇದ್ದದ್ದು ಊರಿನಿಂದ ಸುಮಾರು 60 ಮೈಲಿ ದೂರದ ಸಾಂತಾ ಕ್ರೂಜ್ ಬೆಟ್ಟಗಳಲ್ಲಿ. ಅಷ್ಟು ದೂರದ ನಡುಕಕ್ಕೇ ಮರೀನಾದ ತುಂಬಿದ ನೆಲ ಗಂಜಿಯಂತಾಯಿತು. ನೀರು ತುಂಬಿದ ಸಡಿಲ ಮರಳು ಅಲುಗಿದಾಗ ಕಣಗಳ ಹಿಡಿತ ತಪ್ಪಿ ದ್ರವದಂತೆ ವರ್ತಿಸುವುದೇ ಇದಕ್ಕೆ ಕಾರಣ. ಮನೆಗಳು ವಾಲಿದವು, ನೆಲದಡಿಯ ಕೊಳವೆಗಳು ಒಡೆದವು. ಬೆಂಕಿ ಹತ್ತಿಕೊಂಡಾಗ ಬೀದಿಯ ನಲ್ಲಿಗಳಲ್ಲಿ ನೀರಿಲ್ಲದೆ, ಫೀನಿಕ್ಸ್ ಎಂಬ ಅಗ್ನಿಶಾಮಕ ದೋಣಿ ಕೊಲ್ಲಿಯ ನೀರನ್ನೇ ಪಂಪು ಮಾಡಿ ಬಡಾವಣೆಯನ್ನು ಉಳಿಸಿತು.

ಎಂಜಿನಿಯರಾದ ನಮ್ಮವರು ಇದನ್ನು ಓದಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಹಾಗಾದರೆ ನಿನ್ನ ಹೊಯ್ಗೆ ಮಾತ್ರ ಏನು ಬಂಡೆಯೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಭೂಕಂಪದಲ್ಲಿ ಯಾವ ನೆಲ ದ್ರವವಾಗಬಹುದೆಂಬುದನ್ನು ಕ್ಯಾಲಿಫೋರ್ನಿಯಾದ ಭೂವಿಜ್ಞಾನ ಇಲಾಖೆ ನಕ್ಷೆಗಳಲ್ಲಿ ಗುರುತಿಸಿ ಎಲ್ಲರಿಗೂ ತೆರೆದಿಟ್ಟಿದೆ. ಸುನಾಮಿಯ ನೀರು ನುಗ್ಗಬಹುದಾದ ಪಟ್ಟಿಗೂ ಅಂಥದೇ ನಕ್ಷೆಯಿದೆ. ಮೇಜಿನ ಮೇಲೆ ಎರಡನ್ನೂ ಹರಡಿಕೊಂಡು ಕುಳಿತಾಗ ನನ್ನ ಆಸೆಯೂ ಕುಸಿಯಿತು. ನಾನು ಬಯಸಿದ್ದ ಕಟ್ಟಕಡೆಯ ಬೀದಿಗಳು ಅಪಾಯದ ಪಟ್ಟಿಗೆ ತಾಗಿಕೊಂಡಿದ್ದವು. ಆದರೆ ಪೂರ್ವಕ್ಕೆ ಏರುತ್ತ ಹೋದಂತೆ ನೆಲ ಎತ್ತರವಾಗುತ್ತದೆ, ಮರಳು ಒಣಗಿರುತ್ತದೆ, ಗುರುತು ಮರೆಯಾಗುತ್ತದೆ. ಅಜ್ಜಯ್ಯನ ಮಾತು ನಕ್ಷೆಯಲ್ಲಿ ಅಚ್ಚಾದಂತಿತ್ತು.

ಒಂದು ಭಾನುವಾರ ಊರಿನ ದಕ್ಷಿಣಕ್ಕಿರುವ ಪೆಸಿಫಿಕಾ ಪಟ್ಟಣಕ್ಕೂ ಹೋಗಿ ಬಂದೆವು. ಅಲ್ಲಿ ಎಸ್ಪ್ಲನೇಡ್ ಎಂಬ ಬೀದಿಯಲ್ಲಿ ಕಡಲಿನ ದರೆಯ ಅಂಚಿಗೆ ಕಟ್ಟಿದ್ದ ವಸತಿ ಕಟ್ಟಡಗಳಿಂದ ದರೆ ಕುಸಿದು ಜನ ಮನೆ ಬಿಡಬೇಕಾಯಿತು. 2010ರಲ್ಲೊಮ್ಮೆ, 2016ರಲ್ಲಿ ಮತ್ತೊಮ್ಮೆ. ಬಳಿಕ ಆ ಕಟ್ಟಡಗಳನ್ನು ಕೆಡವಿದರು. ಖಾಲಿ ಜಾಗದ ಬೇಲಿಯ ಬಳಿ ನಿಂತಾಗ ನೋಟ ಮಾತ್ರ ಅತ್ಯಂತ ಮನೋಹರವಾಗಿತ್ತು. ಸೌಂದರ್ಯಕ್ಕೂ ಭದ್ರತೆಗೂ ಸಂಬಂಧವಿಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಜಾಗವನ್ನು ನಾನು ಕಂಡಿಲ್ಲ. 2012ರ ಸ್ಯಾಂಡಿ ಚಂಡಮಾರುತವನ್ನು ಕಂಡ ನ್ಯೂಜೆರ್ಸಿಯ ಬಂಧುಗಳಿಗೆ, 2017ರ ಹಾರ್ವಿಯ ನೆರೆಯನ್ನು ಕಂಡ ಹ್ಯೂಸ್ಟನ್ನಿನವರಿಗೆ, 2025ರ ಜನವರಿಯಲ್ಲಿ ಕಡಲಂಚಿನ ಪೆಸಿಫಿಕ್ ಪ್ಯಾಲಿಸೇಡ್ಸ್ ಬಡಾವಣೆ ಉರಿದದ್ದನ್ನು ಕಂಡ ಲಾಸ್ ಏಂಜಲೀಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಂಜಿನ ಪರೀಕ್ಷೆ

ನೆಲ ಒಪ್ಪಿತೆಂದ ಮಾತ್ರಕ್ಕೆ ಬಾಳು ಒಪ್ಪಬೇಕೆಂದಿಲ್ಲ. ಮಗಳ ಸಲಹೆಯಂತೆ 2022ರ ಬೇಸಿಗೆಯಲ್ಲಿ ಮೂರು ತಿಂಗಳು ಸನ್‌ಸೆಟ್ಟಿನ ಮನೆಯೊಂದರ ಕೆಳಭಾಗದಲ್ಲಿ ಬಾಡಿಗೆಗೆ ಇದ್ದೆವು. ಗ್ಯಾರೇಜಿನ ಹಿಂದಿನ ಇಂಥ ಬಿಡಾರಕ್ಕೆ ಇಲ್ಲಿಯವರು ಅತ್ತೆಮಾವಂದಿರ ಹೆಸರಿಟ್ಟು 'ಇನ್‌ಲಾ ಯೂನಿಟ್' ಎನ್ನುತ್ತಾರೆ. ಅತ್ತೆಯನ್ನು ಗ್ಯಾರೇಜಿನ ಹಿಂದಿಡುವ ಸಂಸ್ಕೃತಿಯನ್ನು ಕುರಿತು ನಮ್ಮವರು ಮೂರು ತಿಂಗಳೂ ಹಾಸ್ಯ ಮಾಡಿದರು.

ಈ ಊರಿನ ಹವೆ ಅಕ್ಟೋಬರಿನಲ್ಲಿ ಒಂದು, ಜುಲೈಯಲ್ಲಿ ಇನ್ನೊಂದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮನೆ ನೋಡಲು ಬಂದವರಿಗೆ ಬಿಸಿಲು, ನೀಲಿ ಆಕಾಶ, ಬಂಗಾರದ ಸಂಜೆ. ಜುಲೈಯಲ್ಲಿ ಬಂದವರಿಗೆ ಮಧ್ಯಾಹ್ನವೂ ಸ್ವೆಟರು. ಬೇಸಿಗೆಯ ಗಾಳಿಗೆ ಕರಾವಳಿಯುದ್ದಕ್ಕೂ ಸಾಗರದಾಳದ ತಣ್ಣೀರು ಮೇಲೆದ್ದು ಬರುತ್ತದೆ. ಅದರ ಮೇಲೆ ಹಾಯುವ ತೇವದ ಗಾಳಿ ತಂಪಾಗಿ ಮಂಜಾಗುತ್ತದೆ. ಒಳನಾಡಿನ ಕಣಿವೆ ಕಾದು ಗಾಳಿ ಮೇಲೇರಿದಂತೆ, ಆ ತೆರವನ್ನು ತುಂಬಲು ಮಂಜು ಒಳಕ್ಕೆ ನುಗ್ಗುತ್ತದೆ. ಊರಿನ ನಡುವಿರುವ ಸುಮಾರು 900 ಅಡಿ ಎತ್ತರದ ಟ್ವಿನ್ ಪೀಕ್ಸ್ ಗುಡ್ಡಗಳು ಅದನ್ನು ತಡೆಯುವುದರಿಂದ ಆಚೆಯ ಮಿಷನ್, ನೋಯ್ ವ್ಯಾಲಿ ಬಡಾವಣೆಗಳಲ್ಲಿ ಬಿಸಿಲಿದ್ದಾಗಲೂ ಈಚೆಯ ಸನ್‌ಸೆಟ್ಟಿನಲ್ಲಿ ಸೂರ್ಯಾಸ್ತ ಹೆಸರಿನಲ್ಲಿ ಮಾತ್ರ.

ಸಂಡಿಗೆ ಹಪ್ಪಳ ಒಣಗಿಸುವ ಆಸೆಯನ್ನು ಬಿಟ್ಟುಬಿಟ್ಟೆ. ದೋಸೆಹಿಟ್ಟು ಹುಳಿಯಲು ಎರಡು ರಾತ್ರಿ ಬೇಕಾಯಿತು. ಉಪ್ಪುಗಾಳಿಗೆ ಬಾಗಿಲಿನ ಕೀಲುಗಳು ತುಕ್ಕು ಹಿಡಿಯುವುದನ್ನು ಕಂಡಾಗ ಮಾತ್ರ ತವರಿನ ನೆನಪಾಗಿ ಸಂತೋಷವಾಯಿತೆಂದರೆ ನೀವು ನಗಬಹುದು. ಇನ್ನು ಕಡಲು, ಅದು ನಮ್ಮ ಅರಬ್ಬೀ ಸಮುದ್ರವಲ್ಲ. ಓಷನ್ ಬೀಚಿನ ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗೆ. ಒಳಕ್ಕೆಳೆಯುವ ಸೆಳೆತ ಪ್ರಾಣಾಂತಿಕ. ಕಾಲು ತೋಯಿಸುವುದಕ್ಕೂ ಯೋಚಿಸಬೇಕಾದ ಕಡಲು ಅದು.

ಆದರೆ ಇನ್ನೊಂದು ತಕ್ಕಡಿಯೂ ಇತ್ತು. ಇರ್ವಿಂಗ್ ಬೀದಿಯ ಚೀನೀ ಅಂಗಡಿಗಳಲ್ಲಿ ಹಾಗಲಕಾಯಿ, ಹೀರೆಕಾಯಿ, ತೆಂಗಿನಕಾಯಿ, ಶುಂಠಿ ರಾಶಿ ಬಿದ್ದಿರುತ್ತಿದ್ದವು. ಎಂಬತ್ತು ದಾಟಿದ ಚೀನೀ ಅಜ್ಜಿಯರು ಗಾಲಿಚೀಲ ಎಳೆದುಕೊಂಡು ತಾವೇ ಟ್ರಾಂ ಹತ್ತಿ, ತಾವೇ ಇಳಿದು, ತಾವೇ ಚೌಕಾಸಿ ಮಾಡುತ್ತಿದ್ದರು. ಯಾರನ್ನೂ ಕಾಯುತ್ತಿರಲಿಲ್ಲ, ಯಾರ ಕಾರನ್ನೂ ಬೇಡುತ್ತಿರಲಿಲ್ಲ. ಮುಂದಿನ ಇಪ್ಪತ್ತು ವರ್ಷ ನಾನು ಹೇಗಿರಬೇಕೆಂಬುದರ ಚಿತ್ರವನ್ನು ಅವರಲ್ಲಿ ಕಂಡೆ. ಕತ್ತಲಾದ ಮೇಲೂ ನಮ್ಮವರು ಟ್ರಾಮಿನಲ್ಲಿ ಹೋಗಿ ಸಂಗೀತ ಕೇಳಿ ಬಂದ ಮೊದಲ ರಾತ್ರಿ, ಅವರ ಮುಖದ ಮೇಲೆ ಬಹುದಿನಗಳಿಂದ ಕಾಣದಿದ್ದ ಒಂದು ಹಗುರವಿತ್ತು. ಮಂಜಿಗೆ ನಾವು ಒಪ್ಪಿಗೆ ಕೊಟ್ಟದ್ದು ಆ ರಾತ್ರಿ.

ಬಾಗಿಲು ಮುಚ್ಚಿದ್ದ ಕಾಲ

ಮನೆಯನ್ನು ಆರಿಸುವುದು ಕಷ್ಟವೆಂದು ನಾವು ಗೊಣಗುತ್ತೇವೆ. ಆರಿಸುವ ಹಕ್ಕೇ ಇಲ್ಲದಿದ್ದ ಕಾಲ ಬಹಳ ಹಿಂದಿನದಲ್ಲ. 1915ರಲ್ಲಿ ವೈಷ್ಣೋದಾಸ್ ಬಗಾಯಿ ಎಂಬವರು ಪತ್ನಿ ಕಲಾ ಬಗಾಯಿ ಮತ್ತು ಮೂವರು ಗಂಡುಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದರು. ಕೊಲ್ಲಿಯ ಆಚೆಯ ಬರ್ಕ್ಲಿಯಲ್ಲಿ ಮನೆ ಕೊಂಡು, ಸಾಮಾನು ಸಹಿತ ಹೋದಾಗ ನೆರೆಯವರು ಮನೆಗೆ ಬೀಗ ಹಾಕಿ ಒಳಗೆ ಬಿಡಲಿಲ್ಲ. ಅವರು ಮಕ್ಕಳೊಂದಿಗೆ ಹಿಂದಿರುಗಿದರು. 1923ರಲ್ಲಿ ಭಗತ್ ಸಿಂಗ್ ತಿಂದ್ ಅವರ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ದೇಶದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಬಗಾಯಿಯವರ ಪೌರತ್ವ ರದ್ದಾಯಿತು. ಪೌರತ್ವಕ್ಕೆ ಅನರ್ಹರಾದವರು ಭೂಮಿ ಹೊಂದುವುದನ್ನು ನಿಷೇಧಿಸುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿತ್ತು. ನೆಲೆಯೂ ನಾಡೂ ಇಲ್ಲದಂತಾದ ಅವರು 1928ರಲ್ಲಿ ಪ್ರಾಣ ಕಳೆದುಕೊಂಡರು. ಪರಭಾಷೆಯ ನಾಡಿನಲ್ಲಿ ಒಂಟಿಯಾದ ಆ ಗೃಹಿಣಿ ಮೂವರು ಮಕ್ಕಳನ್ನೂ ಸಾಕಿ ಓದಿಸಿದರು, 1983ರವರೆಗೆ ಬಾಳಿದರು. ಅವರನ್ನು ಒಳಗೆ ಬಿಡದಿದ್ದ ಬರ್ಕ್ಲಿ ನಗರವೇ 2020ರಲ್ಲಿ ತನ್ನ ಮುಖ್ಯ ಬೀದಿಯ ಒಂದು ಭಾಗಕ್ಕೆ ಕಲಾ ಬಗಾಯಿಯವರ ಹೆಸರಿಡಲು ನಿರ್ಧರಿಸಿತು.

ನಾವು ಮನೆ ಹುಡುಕುತ್ತಿದ್ದ ಊರೂ ಇದಕ್ಕೆ ಹೊರತಲ್ಲ. 1957ರಲ್ಲಿ ಪ್ರಖ್ಯಾತ ಬೇಸ್‌ಬಾಲ್ ಆಟಗಾರ ವಿಲ್ಲಿ ಮೇಸ್ ಸ್ಯಾನ್ ಫ್ರಾನ್ಸಿಸ್ಕೋದ ಪಶ್ಚಿಮದ ಗುಡ್ಡದ ಬಡಾವಣೆಯೊಂದರಲ್ಲಿ ಮನೆ ಕೊಳ್ಳಹೋದಾಗ, ಕಪ್ಪುವರ್ಣೀಯರೆಂಬ ಕಾರಣಕ್ಕೆ ನೆರೆಯವರ ಒತ್ತಡದಿಂದ ಮೊದಲು ನಿರಾಕರಿಸಲಾಯಿತು. ನಗರದ ಮೇಯರರೇ ಮಧ್ಯೆ ಬರಬೇಕಾಯಿತು. ವರ್ಣದ ಆಧಾರದ ಮೇಲೆ ಮನೆ ಮಾರಬಾರದೆಂಬ ಕರಾರುಪತ್ರಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು 1948ರಲ್ಲೇ ತೀರ್ಪು ಬಂದಿದ್ದರೂ, ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ ಕೇಂದ್ರ ಕಾನೂನು ಬಂದದ್ದು 1968ರಲ್ಲಿ. ಕಪ್ಪುವರ್ಣೀಯರ ಆ ಹೋರಾಟದ ಫಲವನ್ನು ಆಮೇಲೆ ಬಂದ ನಾವು ಉಂಡಿದ್ದೇವೆ.

ಆ ಕಾನೂನಿನ ಕಾರಣದಿಂದಲೇ ಒಂದು ಬಡಾವಣೆಯಲ್ಲಿ ಎಂಥ ಜನರಿದ್ದಾರೆಂದು ಏಜೆಂಟರನ್ನು ಕೇಳುವುದು ಸಲ್ಲದು. ಅವರು ಹೇಳುವುದೂ ಸಲ್ಲದು. ನಾವೇ ನಡೆದು ನೋಡಬೇಕು. ನೋಡುವಾಗಲೂ, ನಮ್ಮವರೇ ಇರುವ ಬೀದಿ ಬೇಕು ಎಂಬ ಹಂಬಲ ಎಲ್ಲಿ ಪ್ರೀತಿಯಾಗಿ ಉಳಿಯುತ್ತದೆ, ಎಲ್ಲಿ ಇತರರು ಬೇಡ ಎಂಬ ಬೀಗವಾಗಿ ಬದಲಾಗುತ್ತದೆ ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕು. ಈ ಪ್ರಶ್ನೆಯನ್ನು ನಾನು ನನಗೇ ಹಾಕಿಕೊಂಡೆ. ನಮ್ಮ ಬೀದಿಯಲ್ಲಿ ನಾವಲ್ಲದೆ ಕನ್ನಡದವರಿಲ್ಲ. ಮೊದಲ ದಿನ ಬಾಗಿಲಿಗೆ ಕಿತ್ತಳೆಹಣ್ಣು ತಂದಿತ್ತವರು ಪಕ್ಕದ ಮನೆಯ ಚೀನೀ ದಂಪತಿಗಳು.

ಕಾಗದಪತ್ರಗಳ ಮಾತು

ಗೃಹಿಣಿಯರು ಈ ಭಾಗವನ್ನು ಯಜಮಾನರಿಗೆ ಬಿಟ್ಟುಬಿಡುವ ವಾಡಿಕೆಯಿದೆ. ದಯವಿಟ್ಟು ಬಿಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರುವವರು ನೆರೆ, ಕಾಳ್ಗಿಚ್ಚು, ಭೂಕಂಪದ ವಲಯಗಳಲ್ಲಿ ಮನೆ ಇದೆಯೇ ಎಂಬುದನ್ನು ತಿಳಿಸುವ ನೈಸರ್ಗಿಕ ಅಪಾಯಗಳ ಹೇಳಿಕೆಯನ್ನು ಕೊಳ್ಳುವವರಿಗೆ ಕೊಡಬೇಕೆಂದು ಕಾನೂನಿದೆ. ಸಹಿ ಮಾಡುವ ಕಾಗದಗಳ ರಾಶಿಯಲ್ಲಿ ಅದೂ ಒಂದು. ಓದದೆ ಸಹಿ ಮಾಡುವವರೇ ಹೆಚ್ಚು. ಸಾಮಾನ್ಯ ಗೃಹವಿಮೆ ಭೂಕಂಪದ ನಷ್ಟವನ್ನೂ ನೆರೆಯ ನಷ್ಟವನ್ನೂ ಭರಿಸುವುದಿಲ್ಲ. ಎರಡಕ್ಕೂ ಪ್ರತ್ಯೇಕ ವಿಮೆ ಬೇಕು. 1994ರ ನಾರ್ತ್‌ರಿಜ್ ಭೂಕಂಪದ ಬಳಿಕ ವಿಮಾ ಕಂಪನಿಗಳು ಹಿಂಜರಿದಾಗ ರಾಜ್ಯವು 1996ರಲ್ಲಿ ಭೂಕಂಪ ವಿಮಾ ಪ್ರಾಧಿಕಾರವನ್ನು ಸ್ಥಾಪಿಸಿತು. ಕೇಂದ್ರ ಸರ್ಕಾರದ ನೆರೆವಿಮೆ ಸಾಮಾನ್ಯವಾಗಿ 30 ದಿನಗಳ ಬಳಿಕವೇ ಜಾರಿಗೆ ಬರುತ್ತದೆ. ಮೋಡ ಕವಿದ ಮೇಲೆ ಕೊಡೆ ಕೊಳ್ಳಲಾಗದು. ಮನೆಗೆ ಬೆಲೆ ಕೂಗುವ ಮೊದಲೇ ವಿಮೆಯ ದರವನ್ನು ಕೇಳಿ ತಿಳಿಯಿರಿ.

ಕೆಳಗೆ ಗ್ಯಾರೇಜು ಇರುವ ಮನೆಗಳ ಮುಂಭಾಗದಲ್ಲಿ ಗೋಡೆಗಿಂತ ಬಾಗಿಲೇ ದೊಡ್ಡದು. ನಡುಕಕ್ಕೆ ಅದೇ ಮೊದಲು ಸೋಲುತ್ತದೆ. ಐದು ಅಥವಾ ಹೆಚ್ಚು ವಾಸಗಳಿರುವ, 1978ಕ್ಕೆ ಮೊದಲು ಕಟ್ಟಿದ ಇಂಥ ದೊಡ್ಡ ಮರದ ಕಟ್ಟಡಗಳನ್ನು ಬಲಪಡಿಸಬೇಕೆಂದು ನಗರವು 2013ರಲ್ಲಿ ಕಾನೂನು ಮಾಡಿತು. ಒಂಟಿಮನೆಗಳಿಗೆ ಅದು ಅನ್ವಯಿಸದಿದ್ದರೂ ನಾವು ಪರಿಣತರಿಂದ ಪರೀಕ್ಷೆ ಮಾಡಿಸಿ, ಅಡಿಪಾಯಕ್ಕೆ ಬೋಲ್ಟು, ಗ್ಯಾರೇಜಿನ ಗೋಡೆಗೆ ಬಲವಾದ ಹಲಗೆ ಹಾಕಿಸಿದೆವು. ಹೊಸ ಅಡಿಗೆಮನೆಗೆಂದು ತೆಗೆದಿರಿಸಿದ್ದ ಹಣ ಅದಕ್ಕೇ ಹೋಯಿತು. ಹಳೆಯ ಅಡಿಗೆಮನೆಯಲ್ಲಿ ಸಾರು ಚೆನ್ನಾಗಿಯೇ ಕುದಿಯುತ್ತಿದೆ.

ಐವತ್ತೈದು ದಾಟಿದವರಿಗೆ ಇನ್ನೊಂದು ಸಂಗತಿ. 1978ರ 13ನೆಯ ಪ್ರಸ್ತಾವದಂತೆ ಈ ರಾಜ್ಯದಲ್ಲಿ ಆಸ್ತಿತೆರಿಗೆ ಕೊಂಡ ಬೆಲೆಯನ್ನೇ ಆಧರಿಸಿದೆ. ಆ ಮೌಲ್ಯವನ್ನು ವರ್ಷಕ್ಕೆ ಹೆಚ್ಚೆಂದರೆ ಶೇಕಡಾ 2ರಷ್ಟು ಏರಿಸಬಹುದು. ಹಳೆಯ ಮನೆ ಮಾರಿದರೆ ತೆರಿಗೆ ಒಮ್ಮೆಲೇ ಏರುವುದೆಂಬ ಭಯದಿಂದ ಅನೇಕರು ಕದಲದೆ ಕೂತಿದ್ದಾರೆ. ಆದರೆ 2020ರಲ್ಲಿ ಮತದಾರರು ಒಪ್ಪಿ 2021ರ ಏಪ್ರಿಲಿನಿಂದ ಜಾರಿಯಾದ 19ನೆಯ ಪ್ರಸ್ತಾವದಂತೆ, 55 ವರ್ಷ ಮೀರಿದವರು ತಾವು ವಾಸವಿದ್ದ ಮನೆಯನ್ನು ಮಾರಿ ಎರಡು ವರ್ಷಗಳ ಒಳಗೆ ರಾಜ್ಯದ ಯಾವ ಭಾಗದಲ್ಲಿ ಬೇರೆ ಮನೆ ಕೊಂಡರೂ ಹಳೆಯ ತೆರಿಗೆಯ ಆಧಾರವನ್ನು ಜೊತೆಗೆ ಒಯ್ಯಬಹುದು. ಹೊಸ ಮನೆ ಹೆಚ್ಚು ಬೆಲೆಯದಾದರೆ ಹೆಚ್ಚುವರಿ ಮಾತ್ರ ಸೇರುತ್ತದೆ. ಇದು ತಿಳಿಯದೆ ನಾವೂ ಒಂದು ವರ್ಷ ಸುಮ್ಮನೆ ಕಳೆದೆವು.

ಫೋನು ಕೂಗಿದ ದಿನ

2023ರ ವಸಂತದಲ್ಲಿ ಮೂವತ್ತರ ಆಚೀಚೆಯ ಅವೆನ್ಯೂ ಒಂದರಲ್ಲಿ, ಟ್ರಾಂ ಮಾರ್ಗಕ್ಕೆ ಒಂದೂವರೆ ನಿಮಿಷದ ನಡಿಗೆಯಲ್ಲಿ ನಮಗೆ ಮನೆ ಸಿಕ್ಕಿತು. ಕಿಟಕಿಯಿಂದ ಕಡಲು ಕಾಣುವುದಿಲ್ಲ. ಬೀದಿಯ ನಡುವೆ ಬಂದು ನಿಂತರೆ ಪಶ್ಚಿಮದ ಇಳಿಜಾರಿನ ಕೊನೆಗೆ ಬೆಳ್ಳಿಯ ಗೆರೆಯಂತೆ ಕಾಣುತ್ತದೆ. ಗಾಳಿಯಿಲ್ಲದ ರಾತ್ರಿ ಕೇಳಿಸುತ್ತದೆ.

2024ರ ಡಿಸೆಂಬರ್ 5, ಗುರುವಾರ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಮನೆಯಲ್ಲಿದ್ದ ಎರಡೂ ಫೋನುಗಳು ಒಟ್ಟಿಗೆ ಚೀರಿಕೊಂಡವು. ಉತ್ತರದ ಮೆಂಡೊಸಿನೋ ಭೂಶಿರದ ಬಳಿ ಸಮುದ್ರದಲ್ಲಿ 7.0 ತೀವ್ರತೆಯ ಭೂಕಂಪವಾಗಿ ಸುನಾಮಿಯ ಎಚ್ಚರಿಕೆ ಬಂದಿತ್ತು. ತೀರದಿಂದ ದೂರ ಹೋಗಿ, ಎತ್ತರಕ್ಕೆ ಹೋಗಿ ಎಂಬ ಸೂಚನೆ. ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎರಡು ವರ್ಷಗಳ ಹಿಂದೆ ಮೇಜಿನ ಮೇಲೆ ಹರಡಿದ್ದ ಆ ನಕ್ಷೆ ಇಬ್ಬರ ಕಣ್ಣ ಮುಂದೆಯೂ ಬಂದಿರಬೇಕು. ನಾವು ನಿಂತ ನೆಲ ಆ ಪಟ್ಟಿಯಲ್ಲಿರಲಿಲ್ಲ, ಸಾಕಷ್ಟು ಎತ್ತರದಲ್ಲಿತ್ತು. ಎದೆ ಬಡಿಯಲಿಲ್ಲವೆಂದು ಹೇಳಲಾರೆ. ಆದರೆ ಓಡಬೇಕಾದವರು ನಾವಲ್ಲ, ಓಡಿ ಬಂದವರಿಗೆ ಬಾಗಿಲು ತೆರೆಯಬೇಕಾದವರು ನಾವು ಎಂಬುದು ಸ್ಪಷ್ಟವಿತ್ತು.

ಬೆಳಗಿನ ನಡಿಗೆಯಲ್ಲಿ ಪರಿಚಯವಾಗಿದ್ದ, ಕಡಲಂಚಿನ ಬೀದಿಯಲ್ಲಿ ಒಂಟಿಯಾಗಿರುವ ವೃದ್ಧೆಯೊಬ್ಬರಿಗೆ ಫೋನು ಮಾಡಿದೆ. ಅವರನ್ನೂ ಅವರ ಬೆಕ್ಕನ್ನೂ ನೆರೆಯವರು ಕಾರಿನಲ್ಲಿ ನಮ್ಮಲ್ಲಿಗೆ ತಂದು ಬಿಟ್ಟರು. ಬೀದಿಯಲ್ಲಿ ಕಾರುಗಳ ಸಾಲು ಗುಡ್ಡದ ಕಡೆ ಏರುತ್ತಿತ್ತು. ನಾನು ಕಾಫಿ ಬೆರೆಸಿದೆ. ಮಧ್ಯಾಹ್ನಕ್ಕೆ ಕೆಲವು ನಿಮಿಷಗಳಿರುವಾಗ ಎಚ್ಚರಿಕೆಯನ್ನು ಹಿಂತೆಗೆದುಕೊಂಡರು, ಅಲೆ ಬರಲಿಲ್ಲ. ಆ ಹಿರಿಯರು ಊಟಕ್ಕೂ ನಿಂತರು. ಬೇಳೆಸಾರನ್ನು ಎರಡು ಬಾರಿ ಹಾಕಿಸಿಕೊಂಡು, "ಇಲ್ಲಿ ಮನೆ ಮಾಡುವಾಗ ನಿಮಗೆ ಭಯವಾಗಲಿಲ್ಲವೇ?" ಎಂದು ಕೇಳಿದರು. "ಆಗಿತ್ತು, ಆಗಲೇ ಮುಗಿಸಿಬಿಟ್ಟೆವು" ಎಂದೆ.

ನೀಗದ ಕೊರತೆಗಳೂ ಉಳಿದಿವೆ. ಕನ್ನಡ ಕೂಟದ ಕಾರ್ಯಕ್ರಮಗಳಿಗೆ, ಗೆಳತಿಯರ ಮನೆಗಳಿಗೆ ಈಗ ಸುಮಾರು 40 ಮೈಲಿ ದೂರ. ಆದರೆ ನಮ್ಮ ಬೀದಿಯ ಎನ್ ಜುಡಾ ಟ್ರಾಂ ಒಂದು ತುದಿಯಲ್ಲಿ ಕಡಲಿಗೆ ಹೋದರೆ ಇನ್ನೊಂದು ತುದಿಯಲ್ಲಿ ಕ್ಯಾಲ್‌ಟ್ರೇನ್ ನಿಲ್ದಾಣಕ್ಕೆ ಹೋಗುತ್ತದೆ. 2024ರ ಸೆಪ್ಟೆಂಬರಿನಿಂದ ವಿದ್ಯುತ್ತಿನಿಂದ ಓಡುತ್ತಿರುವ ಆ ರೈಲು ನನ್ನನ್ನು ಸನಿವೇಲಿಗೆ ಒಯ್ಯುತ್ತದೆ. ಮೂವತ್ತು ವರ್ಷ ಯಾರಾದರೂ ಕರೆದೊಯ್ಯಲೆಂದು ಬಾಗಿಲಲ್ಲಿ ಕಾದವಳು ಈಗ ಚೀಲದಲ್ಲಿ ಚಕ್ಕುಲಿ ಡಬ್ಬಿ ಇಟ್ಟುಕೊಂಡು ಒಬ್ಬಳೇ ಹೊರಡುತ್ತೇನೆ. ಸಂಜೆ ಹಿಂದಿರುಗಿದಾಗ ನಮ್ಮವರು ನಿಲ್ದಾಣಕ್ಕೆ ನಡೆದು ಬಂದಿರುತ್ತಾರೆ. ಇಬ್ಬರೂ ಕೆಲವೊಮ್ಮೆ ಮನೆಗೆ ಹೋಗದೆ ಅದೇ ಟ್ರಾಮಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗುತ್ತೇವೆ. ಕಡಲದಂಡೆಯ ಹೆದ್ದಾರಿಯ ಎರಡು ಮೈಲಿ ಉದ್ದದ ಭಾಗ 2024ರ ಮತದಾನದ ಬಳಿಕ, 2025ರ ಏಪ್ರಿಲಿನಿಂದ ಸನ್‌ಸೆಟ್ ಡ್ಯೂನ್ಸ್ ಎಂಬ ಉದ್ಯಾನವಾಗಿದೆ. ಅದು ಸರಿಯೇ ತಪ್ಪೇ ಎಂದು ನಮ್ಮ ಬೀದಿಯಲ್ಲಿ ಇನ್ನೂ ಜಗಳವಿದೆ. ಕಾರುಗಳಿಲ್ಲದ ಆ ರಸ್ತೆಯ ಬೆಂಚಿನ ಮೇಲೆ ಮಂಜಿನಲ್ಲಿ ಕುಳಿತಾಗ, ಬಯಲುಸೀಮೆಯ ನಮ್ಮವರು ಈಚೆಗೆ ಕಡಲಿನ ಸದ್ದಿನಿಂದಲೇ ಇಳಿತವೋ ಭರತವೋ ಹೇಳಬಲ್ಲರು.

ಪ್ರಿಯ ಬಂಧುಗಳೇ, ಊರನ್ನು ಕಣ್ಣಿನಿಂದ ಆರಿಸಬೇಡಿ, ಕಾಲಿನಿಂದ ಆರಿಸಿ. ಅದರ ಅತ್ಯಂತ ಕೆಟ್ಟ ತಿಂಗಳಿನಲ್ಲಿ ಹೋಗಿ ಇದ್ದು ನೋಡಿ. ನೆಲದ ನಕ್ಷೆಯನ್ನು ಗಂಡಹೆಂಡಿರು ಇಬ್ಬರೂ ಕೂಡಿ ಓದಿ. ಕಾರಿನ ಕೀಲಿ ಇಲ್ಲದ ದಿನ ಅಲ್ಲಿ ನಿಮ್ಮ ಬಾಳು ಹೇಗಿದ್ದೀತೆಂದು ಕೇಳಿಕೊಳ್ಳಿ. ಭಯವನ್ನೆಲ್ಲ ಹೊಸ್ತಿಲಿನ ಹೊರಗೇ ತೀರಿಸಿ ಒಳಗೆ ಬಲಗಾಲಿಡಿ. ಕಡಲ ತಡಿಯಲ್ಲಿ ನೆಲೆ ಮಾಡುವ ಆಸೆಯುಳ್ಳವರು ಎಂದಾದರೂ ಪಶ್ಚಿಮದ ಈ ತುದಿಗೆ ಬಂದರೆ ನಮ್ಮ ಮನೆಯ ಬಾಗಿಲು ತೆರೆದಿರುತ್ತದೆ. ಸ್ವೆಟರು ಮರೆಯಬೇಡಿ.